ಮನೆಗೆ ಒಂದು ಹಣ, ದೇವರಿಗೆ ಇಪ್ಪತ್ತು ಕಾವಲಾಳು

ಕೇಳುಗರಿಗೆ ನಮಸ್ಕಾರ.

ಗಣೇಶನ ಹಬ್ಬದ ಮಾರನೆಯ ದಿನ, ಭಾದ್ರಪದ ಶುದ್ಧ ಪಂಚಮಿಗೆ, ದಿಗಂಬರ ಜೈನರ ದಶಲಕ್ಷಣ ಪರ್ವ ಆರಂಭವಾಗುತ್ತದೆ. ಹತ್ತು ದಿನಕ್ಕೆ ಹತ್ತು ಧರ್ಮಗಳು. ಸತ್ಯ, ತಪಸ್ಸು, ತ್ಯಾಗ, ಬ್ರಹ್ಮಚರ್ಯ ಇವೆಲ್ಲ ಆಮೇಲೆ ಬರುತ್ತವೆ. ಮೊದಲನೆಯ ದಿನ ಉತ್ತಮ ಕ್ಷಮೆಗೆ ಮೀಸಲು. ಪರ್ವ ಮುಗಿದ ಮೇಲೂ ಕ್ಷಮೆಯದೇ ಮಾತು. ಹಿರಿಯರು ಕಿರಿಯರೆನ್ನದೆ ಕೈಮುಗಿದು ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಾರೆ. ಆಗ ಹೇಳುವ ಪ್ರಾಕೃತ ಗಾಹೆಯ ಅರ್ಥ ಇಷ್ಟು: ಎಲ್ಲ ಜೀವಗಳನ್ನೂ ಕ್ಷಮಿಸುತ್ತೇನೆ, ಎಲ್ಲ ಜೀವಗಳೂ ನನ್ನನ್ನು ಕ್ಷಮಿಸಲಿ, ಎಲ್ಲರಲ್ಲೂ ನನಗೆ ಮೈತ್ರಿ, ಯಾರಲ್ಲೂ ವೈರವಿಲ್ಲ.

ಈ ಮಾತನ್ನು ವರ್ಷವರ್ಷವೂ ಹೇಳುತ್ತ ಬಂದ ಜನರ ಮೇಲೆ, ನಮ್ಮ ಈ ನಾಡಿನಲ್ಲೇ, ಕೆಲವು ಕಾಲದಲ್ಲಿ ಅನ್ಯಾಯ ನಡೆದಿದೆ. ಅನ್ಯಾಯವಾದಾಗ ಅವರು ಏನು ಮಾಡಿದರು, ಎದುರಿನವರು ಏನು ಮಾಡಿದರು ಎಂಬುದು ಕಲ್ಲಿನ ಮೇಲೆ ಉಳಿದಿದೆ. ಇವತ್ತು ಅಂಥ ಎರಡು ಮೂರು ಕಲ್ಲುಗಳ ಮುಂದೆ ನಿಮ್ಮನ್ನು ನಿಲ್ಲಿಸಬೇಕೆಂದಿದ್ದೇನೆ.

ಮೊದಲು ಹಾವೇರಿ ಜಿಲ್ಲೆಯ ಅಬ್ಬಲೂರು. ಅಲ್ಲಿನ ಸೋಮೇಶ್ವರ ದೇವಾಲಯದಲ್ಲಿ 1200ರ ಆಸುಪಾಸಿನ ಒಂದು ದೊಡ್ಡ ಶಾಸನವಿದೆ. ಏಕಾಂತದ ರಾಮಯ್ಯ ಎಂಬ ಶಿವಭಕ್ತ ಊರಿನ ಜೈನರೊಡನೆ ಪಣ ಕಟ್ಟಿ ತನ್ನ ತಲೆಯನ್ನು ತಾನೇ ಅರಿದುಕೊಂಡ, ಏಳು ದಿನಗಳ ಮೇಲೆ ಅದು ಮತ್ತೆ ಕೂಡಿಕೊಂಡಿತು, ಪಣದ ಮಾತನ್ನು ಜೈನರು ನಡೆಸಿಕೊಡದಿದ್ದಾಗ ಅವನು ಜಿನಬಿಂಬವನ್ನು ಒಡೆದ, ಬಿಜ್ಜಳನಿಂದ ಜಯಪತ್ರ ಪಡೆದ ಎಂದು ಅದು ಹೇಳುತ್ತದೆ. ಇದೇ ಭಕ್ತನನ್ನು ಕುರಿತು ಹರಿಹರ ಒಂದು ರಗಳೆ ಬರೆದ. ಹರಿಹರನ ಭಕ್ತಿಯ ಬಿಸಿಗೆ ಕರಗದವರು ಯಾರು? ನಾನೂ ಕರಗಿದವನೇ. ಆದರೆ ಆ ದಿನ ಬಸದಿಯ ಬಾಗಿಲಲ್ಲಿ ನಿಂತಿದ್ದವರ ಎದೆಬಡಿತ ಆ ರಗಳೆಯಲ್ಲಿ ಕೇಳಿಸುವುದಿಲ್ಲ. ಜಯಪತ್ರ ಗೆದ್ದವನ ಕೈಯಲ್ಲಿರುತ್ತದೆ, ಕಾವ್ಯವೂ ಅವನ ಕಡೆಗೇ ನಿಲ್ಲುತ್ತದೆ. ಜೈನ ಕವಿಗಳೂ ಪರಮತದ ಮೇಲೆ ಮೃದುವಾಗಿದ್ದರೆಂದು ಹೇಳಲಾರೆ. ಬ್ರಹ್ಮಶಿವನ ‘ಸಮಯಪರೀಕ್ಷೆ’ಯನ್ನು ಓದಿದವರಿಗೆ ಅವನ ನಾಲಗೆಯ ಹರಿತ ಗೊತ್ತು. ಆದರೆ ಮಾತಿನಿಂದ ಚುಚ್ಚುವುದೂ ಬಿಂಬ ಒಡೆಯುವುದೂ ಒಂದೇ ಅಲ್ಲ.

ಈಗ ಶ್ರವಣಬೆಳಗೊಳಕ್ಕೆ ಬರೋಣ. ನಾನು ಮೊದಲ ಸಲ ಅಲ್ಲಿಗೆ ಹೋದದ್ದು ಶಾಲೆಯ ಪ್ರವಾಸದಲ್ಲಿ. ಎಲ್ಲ ಮಕ್ಕಳಂತೆ ನಾನೂ ಗೊಮ್ಮಟನ ಕಡೆಗೆ ಓಡಿದೆ. ಊರೊಳಗಿನ ಭಂಡಾರಿ ಬಸದಿಯನ್ನು ಯಾರೂ ತೋರಿಸಲಿಲ್ಲ. ಹೊಯ್ಸಳ ನರಸಿಂಹನ ಭಂಡಾರಿಯಾಗಿದ್ದ ಹುಳ್ಳ 1159ರಲ್ಲಿ ಕಟ್ಟಿಸಿದ ಬಸದಿ ಅದು, ಇಪ್ಪತ್ನಾಲ್ಕು ತೀರ್ಥಂಕರರನ್ನೂ ಸಾಲಾಗಿ ನಿಲ್ಲಿಸಿದ್ದು. ಅದರ ಬಳಿ ವಿಜಯನಗರದ ಬುಕ್ಕರಾಯನ ಕಾಲದ, 1368ರ ಶಾಸನವಿದೆ. ಅದನ್ನು ನಾನು ಸರಿಯಾಗಿ ಓದುವ ಹೊತ್ತಿಗೆ ತಲೆ ನರೆತಿತ್ತು.

ಜೈನರಿಗೂ ಭಕ್ತರಿಗೂ ‘ಸಂವಾಜ’ವಾಯಿತು, ಅಂದರೆ ವ್ಯಾಜ್ಯವಾಯಿತು, ಎಂದು ಶಾಸನ ವಿಷಯಕ್ಕೆ ಬರುತ್ತದೆ. ಭಕ್ತರೆಂದರೆ ಇಲ್ಲಿ ಶ್ರೀವೈಷ್ಣವರು. ಆನೆಗೊಂದಿ, ಹೊಸಪಟ್ಟಣ, ಪೆನುಗೊಂಡೆ, ಕಲ್ಲೆಹ ಮೊದಲಾದ ಊರುಗಳ ಜೈನರು ರಾಜನ ಬಳಿಗೆ ಹೋಗಿ, ಭಕ್ತರು ಮಾಡುತ್ತಿರುವ ಅನ್ಯಾಯಗಳನ್ನು ಬಿನ್ನಹ ಮಾಡಿಕೊಂಡರು. ರಾಜ ಎದುರು ಪಕ್ಷವನ್ನೂ ಕರೆಸಿದ. ಶ್ರೀರಂಗ, ತಿರುಮಲೆ, ಕಂಚಿ, ಮೇಲುಕೋಟೆಗಳ ಆಚಾರ್ಯರು, ಹದಿನೆಂಟು ನಾಡಿನ ಶ್ರೀವೈಷ್ಣವರು, ತಿರುಕುಲದವರು, ಜಾಂಬವಕುಲದವರು, ಎಲ್ಲರೂ ಆ ಪಟ್ಟಿಯಲ್ಲಿದ್ದಾರೆ. ಅಷ್ಟು ಜನರ ಎದುರಿಗೆ ಬುಕ್ಕ ಜೈನರ ಕೈಯನ್ನು ಹಿಡಿದು ವೈಷ್ಣವರ ಕೈಯಲ್ಲಿ ಇಟ್ಟ. ‘ಕೈವಿಡಿದು ಕೊಟ್ಟು’ ಎನ್ನುವುದು ಶಾಸನದ ಮಾತು. ಮಗಳನ್ನು ಧಾರೆಯೆರೆದು ಕೊಡುವಾಗ, ಸಾಯುವ ತಂದೆ ಚಿಕ್ಕ ಮಗನನ್ನು ತಮ್ಮನಿಗೆ ಒಪ್ಪಿಸುವಾಗ ನಾವು ಇದೇ ಮಾತನ್ನು ಆಡುತ್ತೇವೆ.

ಎರಡು ದರ್ಶನಗಳಿಗೂ ಭೇದವಿಲ್ಲವೆಂದು ರಾಜ ಸಾರಿದ. ಜೈನರಿಗೆ ಹಿಂದಿನ ಮರ್ಯಾದೆಯಂತೆ ಪಂಚಮಹಾವಾದ್ಯವೂ ಕಳಶವೂ ಸಲ್ಲಬೇಕು. ಭಕ್ತರ ದೆಸೆಯಿಂದ ಜೈನರಿಗೆ ಹಾನಿಯಾದರೆ ವೈಷ್ಣವರು ಅದನ್ನು ತಮಗೇ ಆದ ಹಾನಿಯೆಂದು ತಿಳಿಯಬೇಕು. ರಾಜ್ಯದ ಎಲ್ಲ ಬಸದಿಗಳಲ್ಲಿ ಈ ಶಾಸನವನ್ನು ನೆಡಬೇಕಾದವರೂ ವೈಷ್ಣವರೇ.

ಇದಾದ ಮೇಲೆ ಬರುವ ಸಾಲುಗಳು ಎಲ್ಲಕ್ಕಿಂತ ಮುಖ್ಯವೆಂದು ನನಗೆ ತೋರುತ್ತದೆ. ರಾಜ್ಯದ ಜೈನರು ಬಾಗಿಲುಗಟ್ಟಳೆಯಾಗಿ ಮನೆಗೆ ವರ್ಷಕ್ಕೆ ಒಂದು ಹಣ, ಅಂದರೆ ಆ ಕಾಲದ ಒಂದು ನಾಣ್ಯ, ಕೊಡಬೇಕು. ಶ್ರೀವೈಷ್ಣವರ ಗುರುಗಳಾದ ತಿರುಮಲೆಯ ತಾತಯ್ಯನವರು ಆ ದುಡ್ಡಿನಿಂದ ಬೆಳಗೊಳದ ದೇವರ ಅಂಗರಕ್ಷೆಗೆ ಇಪ್ಪತ್ತು ಆಳುಗಳನ್ನು ಇಡಬೇಕು. ಉಳಿದ ಹೊನ್ನಿನಿಂದ ಜೀರ್ಣವಾದ ಜಿನಾಲಯಗಳಿಗೆ ‘ಸೊದೆಯನಿಕ್ಕುವುದು’, ಅಂದರೆ ಸುಣ್ಣ ಬಳಿಸುವುದು. ಮರೆತುಬಿಡಿ, ಕ್ಷಮಿಸಿಬಿಡಿ ಎಂದು ನೊಂದವರಿಗೆ ಬುದ್ಧಿ ಹೇಳಿ ಕಳಿಸಿಬಿಡುವುದು ಸುಲಭ. ಆದರೆ ಅವತ್ತಿನ ರಾತ್ರಿ ಬಸದಿಯ ಬಾಗಿಲನ್ನು ಕಾಯುವವರು ಯಾರು? ಆ ಪ್ರಶ್ನೆಯನ್ನು ಈ ಶಾಸನ ಕೇಳಿಕೊಂಡಿದೆ, ಆಳಿನ ಲೆಕ್ಕದಲ್ಲಿ ಉತ್ತರವನ್ನೂ ಕೊಟ್ಟಿದೆ. ಯಾರ ಮೇಲೆ ದೂರಿತ್ತೋ ಅವರ ಗುರುಪೀಠಕ್ಕೇ ಕಾವಲಿನ ಹೊಣೆ ಬಿತ್ತು.

ಆದರೆ ಕಾವಲಿನ ಖರ್ಚು ನೊಂದವರ ಮನೆಯಿಂದಲೇ ಹೋಯಿತಲ್ಲ? ಈ ಸಾಲು ಓದಿದಾಗಲೆಲ್ಲ ನನಗೆ ನೋವಾಗುತ್ತದೆ. ಅದು ಜೈನರ ಒಪ್ಪಿಗೆಯಿಂದಲೇ ಆಯಿತೆಂದು ಶಾಸನ ಹೇಳುತ್ತದೆ. ಸೋತವರ ಒಪ್ಪಿಗೆ ಎಂಥದ್ದು ಎನ್ನುವುದನ್ನು ಸೋತವರೇ ಬಲ್ಲರು. ಇನ್ನೊಂದು ಮಾತನ್ನೂ ಮುಚ್ಚಿಡಲಾರೆ. ಇಷ್ಟೆಲ್ಲ ಹೇಳುವ ಶಾಸನ ಮೊದಲಾಗುವುದು ರಾಮಾನುಜಾಚಾರ್ಯರ ಸ್ತುತಿಯಿಂದ. ಆ ಶ್ಲೋಕ ಅವರನ್ನು ಪಾಷಂಡರೆಂಬ, ಅಂದರೆ ವೇದವನ್ನು ಒಪ್ಪದವರೆಂಬ, ಸಾಗರಕ್ಕೆ ಬಡಬಾಗ್ನಿಯಂತೆ, ಕಡಲನ್ನೇ ಸುಡುವ ಬೆಂಕಿಯಂತೆ, ಇದ್ದವರು ಎಂದು ಕೊಂಡಾಡುತ್ತದೆ. ಪಾಷಂಡರ ಲೆಕ್ಕದಲ್ಲಿ ಆ ಕಾಲದವರು ಜೈನರನ್ನೂ ಸೇರಿಸುತ್ತಿದ್ದರು. ಬೆಂಕಿಯ ಶ್ಲೋಕ ಮೇಲೆ, ಕೈಹಿಡಿದು ಕೊಟ್ಟ ಮಾತು ಕೆಳಗೆ, ಎರಡೂ ಒಂದೇ ಕಲ್ಲಿನಲ್ಲಿ. ತಮ್ಮ ನಂಬಿಕೆಯ ಒಂದಕ್ಷರವನ್ನೂ ಬಿಟ್ಟುಕೊಡದ ಜನ ಇನ್ನೊಬ್ಬರ ದೇವರನ್ನು ಕಾಯಲು ಒಪ್ಪಿದರು. ಎಲ್ಲ ಮತವೂ ಒಂದೇ ಎನ್ನುವವನು ಇನ್ನೊಬ್ಬರನ್ನು ಸೈರಿಸುವುದರಲ್ಲಿ ಕಷ್ಟವೇನಿದೆ? ನನ್ನದೇ ಸರಿ ಎಂದು ಗಟ್ಟಿಯಾಗಿ ನಂಬಿದವನು ಸೈರಿಸುವುದು ಹಿರಿದು.

ಹಳೇಬೀಡಿನ ಬಸ್ತಿಹಳ್ಳಿಯಲ್ಲಿ ಇದೇ ಬಗೆಯ ಇನ್ನೊಂದು ಕಥೆಯಿದೆ, 1638ರದು. ಪಾರ್ಶ್ವನಾಥ ಬಸದಿಯ ಕಂಬಗಳನ್ನು ನೋಡಿದವರಿಗೆ ಗೊತ್ತು, ಕನ್ನಡಿಯಂತೆ ಮುಖ ಕಾಣುವ ಹೊಳಪು. ಹುಚ್ಚಪ್ಪದೇವ ಎಂಬ ವೀರಶೈವ ಆ ಕಂಬಗಳ ಮೇಲೆ ಲಿಂಗಮುದ್ರೆ ಹಾಕಿದ. ವಿಜಯಪ್ಪ ಎಂಬ ಜೈನ ಅದನ್ನು ಅಳಿಸಿದ. ಊರು ಹೊತ್ತಿಕೊಳ್ಳಲು ಇಷ್ಟು ಸಾಕಾಗಿತ್ತು. ಆದರೆ ವೀರಶೈವ ಮುಖಂಡರು ಕೂಡಿ ತೀರ್ಮಾನಕ್ಕೆ ಬಂದರು: ಮೊದಲು ವಿಭೂತಿ ವೀಳ್ಯ ಸಲ್ಲಲಿ, ಆಮೇಲೆ ಜೈನರ ಪೂಜೆ ಪುನಸ್ಕಾರಗಳು ಹಿಂದಿನಂತೆಯೇ ನಡೆಯಲಿ. ಇಲ್ಲೂ ಬಲವಿದ್ದವರ ಕೈ ಒಂದು ಗೇಣು ಮೇಲೆಯೇ ಇದೆ, ಹೌದು. ಆದರೆ ಕೊನೆಯ ಶಾಪವನ್ನು ಕೇಳಿ. ಈ ಜಿನಧರ್ಮಕ್ಕೆ ಅಡ್ಡಿ ಮಾಡಿದವನು ಶಿವದ್ರೋಹಿ, ಜಂಗಮದ್ರೋಹಿ. ಜಿನನಿಗೆ ದ್ರೋಹಿ ಎಂದು ಬರೆದಿದ್ದರೆ ಶಿವಭಕ್ತನಿಗೆ ಅದು ತಾಗುತ್ತಿರಲಿಲ್ಲ. ತಮ್ಮವರ ಕೈಯನ್ನು ತಮ್ಮ ದೇವರ ಆಣೆಯಿಂದಲೇ ಕಟ್ಟಿಹಾಕಿದರು.

ಬೆಳಗೊಳದ ಶಾಸನದ ಕೊನೆಗೆ ಒಬ್ಬ ಮನುಷ್ಯ ಬರುತ್ತಾನೆ. ಅವನ ಹೆಸರು ಹೇಳದೆ ನಾನು ಮಾತು ಮುಗಿಸಲಾರೆ. ಕಲ್ಲೆಹದ ಹರ್ವಿಶೆಟ್ಟಿಯ ಮಗ ಬುಸುವಿಶೆಟ್ಟಿ. ಕಲ್ಲೆಹವೆಂದರೆ ಇಂದಿನ ಮಾಗಡಿ ತಾಲೂಕಿನ ಕಲ್ಯ. ಇದೇ ಒಪ್ಪಂದದ ಇನ್ನೊಂದು ಪ್ರತಿ ಅಲ್ಲಿಯೂ ಕಲ್ಲಿನಲ್ಲಿದೆ. ಬುಕ್ಕರಾಯನಿಗೆ ಬಿನ್ನಹ ಮಾಡಿದವನು, ತಿರುಮಲೆಯ ತಾತಯ್ಯನವರನ್ನು ಬರಮಾಡಿಕೊಂಡವನು, ಜೀರ್ಣೋದ್ಧಾರ ಮಾಡಿಸಿದವನು ಈ ಶೆಟ್ಟಿ. ರಾಜಧಾನಿಗೆ ಹೋಗಿ ಪ್ರಬಲರ ಮೇಲೆ ದೂರು ಹೇಳುವುದಕ್ಕೆ ಎಷ್ಟು ಗುಂಡಿಗೆ ಬೇಕಿತ್ತೋ! ಆಮೇಲೆ ಯಾರ ಮೇಲೆ ದೂರಿದ್ದನೋ ಆ ಪಕ್ಷದ ಗುರುವನ್ನೇ ತನ್ನ ತೀರ್ಥಕ್ಕೆ ಕರೆತಂದ. ಕೊನೆಗೆ ಎರಡೂ ಸಮುದಾಯದವರು, ಜೈನರೂ ವೈಷ್ಣವರೂ, ಒಟ್ಟಿಗೆ ಕೂಡಿ ಬುಸುವಿಶೆಟ್ಟಿಗೆ ಸಂಘನಾಯಕ ಪಟ್ಟ ಕಟ್ಟಿದರು.

ನಮಸ್ಕಾರ.