ಮಿಕಾಸಾ ಎದುರು ಡ್ರೆಡ್‌ನಾಟ್: ಗೆಲ್ಲುವುದು ಯಾರು, ಉಳಿದದ್ದು ಯಾರು?

ಇದು ಜಪಾನಿನ ಯೊಕೊಸುಕಾ. ಕಾಣುತ್ತಿರುವ ಯುದ್ಧನೌಕೆ ಮಿಕಾಸಾ. ಮುಂದೆ ನಿಂತಿರುವ ಪ್ರತಿಮೆ ಜಪಾನಿನ ನೌಕಾಪಡೆಯ ಅಡ್ಮಿರಲ್ ಟೋಗೊ ಅವರದು. 1905ರ ಮೇ ತಿಂಗಳಲ್ಲಿ ಜಪಾನ್-ಕೊರಿಯಾ ನಡುವಿನ ತ್ಸುಷಿಮಾ ಸಮುದ್ರದಲ್ಲಿ ರಷ್ಯಾದ ನೌಕಾಪಡೆಯನ್ನು ಅವರು ಮುಗಿಸಿದ್ದು ಇದೇ ಹಡಗಿನ ಮೇಲೆ ನಿಂತು.

ಬನ್ನಿ, ಮೇಲೆ ಹತ್ತೋಣ. ನೆಲದ ಮೇಲೆ ಗುರುತು ಹಾಕಿದ್ದಾರೆ ನೋಡಿ, ಟೋಗೊ ನಿಂತಿದ್ದ ಜಾಗ. ತಲೆಯ ಮೇಲೆ ಸೂರಿಲ್ಲ, ಸುತ್ತ ಉಕ್ಕಿನ ಗೋಡೆಯೂ ಇಲ್ಲ. ಆ ದಿನ ಈ ಹಡಗಿಗೆ ಮೂವತ್ತಕ್ಕೂ ಜಾಸ್ತಿ ಶೆಲ್, ಅಂದರೆ ಫಿರಂಗಿ ಗುಂಡು, ಬಡಿದವು. ಅವರು ಜಾಗ ಬಿಟ್ಟು ಕದಲಲಿಲ್ಲ.

ಇಲ್ಲಿ ನಿಂತರೆ ನನ್ನ ತಲೆಯಲ್ಲಿ ಒಂದೇ ಪ್ರಶ್ನೆ. ಎದುರಿಗೆ ರಷ್ಯಾದ ಹಡಗುಗಳ ಬದಲು ಬ್ರಿಟನ್ನಿನ ಯುದ್ಧನೌಕೆ ಡ್ರೆಡ್‌ನಾಟ್ ಬಂದಿದ್ದರೆ? ಅದು ಸಿದ್ಧವಾಗಿದ್ದು 1906ರ ಡಿಸೆಂಬರ್‌ನಲ್ಲಿ. ನಡುವೆ ಒಂದೂವರೆ ವರ್ಷ ಅಷ್ಟೇ. ಆದರೆ ಮಿಕಾಸಾದಲ್ಲಿ 12 ಇಂಚಿನ (ಅಂದರೆ ಬಾಯಿಯ ಅಗಲ ಅಷ್ಟು) ಫಿರಂಗಿ ನಾಲ್ಕು, ಡ್ರೆಡ್‌ನಾಟ್‌ನಲ್ಲಿ ಹತ್ತು. ಒಂದು ಪಕ್ಕಕ್ಕೆ ಎಂಟು ಒಟ್ಟಿಗೆ ಹಾರುತ್ತವೆ.

ನನ್ನ ಪ್ರಕಾರ ಫಿರಂಗಿಗಿಂತ ದೊಡ್ಡ ವಿಷಯ ವೇಗ. ಮಿಕಾಸಾ 18 ನಾಟ್ (ಗಂಟೆಗೆ ಸುಮಾರು 33 ಕಿಲೊಮೀಟರ್), ಟರ್ಬೈನ್ ಇಂಜಿನ್ ಇದ್ದ ಡ್ರೆಡ್‌ನಾಟ್ 21 ನಾಟ್ (ಸುಮಾರು 39). ಅಂದರೆ ಎಷ್ಟು ದೂರದಿಂದ ಹೊಡೆದಾಡಬೇಕು ಅಂತ ತೀರ್ಮಾನಿಸುವುದು ಡ್ರೆಡ್‌ನಾಟ್. ಅದು ದೂರವೇ ಉಳಿಯುತ್ತದೆ. ಮಿಕಾಸಾದ 6 ಇಂಚಿನ 14 ಫಿರಂಗಿಗಳು ದೂರಕ್ಕೆ ಪ್ರಯೋಜನವಿಲ್ಲ. ಜೊತೆಗೆ ಎರಡು ಅಳತೆಯ ಗುಂಡುಗಳು ನೀರಿಗೆ ಬಿದ್ದಾಗ ಯಾವ ಚಿಮ್ಮು ಯಾವುದರದು ಅಂತ ತಿಳಿಯದೆ ಗುರಿ ತಿದ್ದುವುದೇ ಕಷ್ಟ. ಮಂಜು ಕವಿದು ಎರಡೂ ಹತ್ತಿರ ಬಂದರೆ ಮಾತ್ರ ಮಿಕಾಸಾಗೆ ಅವಕಾಶ. ಇಲ್ಲದಿದ್ದರೆ ಗೆಲುವು ಡ್ರೆಡ್‌ನಾಟ್‌ನದೇ, ಅನುಮಾನ ಬೇಡ.

ಆದರೆ ಡ್ರೆಡ್‌ನಾಟ್ ಈಗ ಎಲ್ಲಿದೆ? ಜಗತ್ತಿನ ಯುದ್ಧನೌಕೆಗಳನ್ನೆಲ್ಲ ಒಂದೇ ಏಟಿಗೆ ಹಳತು ಮಾಡಿದ ಆ ಹಡಗನ್ನು 1921ರಲ್ಲಿ ಗುಜರಿಗೆ ಮಾರಿದರು. ಸ್ಕಾಟ್ಲೆಂಡಿನ ಇನ್ವರ್‌ಕೀದಿಂಗ್‌ನಲ್ಲಿ ಒಡೆದು ಹಾಕಿದರು. ನನಗೆ ಇಂದಿಗೂ ಹೊಟ್ಟೆ ಉರಿಯುತ್ತದೆ.

ಮಿಕಾಸಾದ ಪಾಡೂ ಸುಲಭದ್ದಲ್ಲ. ಯುದ್ಧ ಮುಗಿದು ಶಾಂತಿ ಒಪ್ಪಂದವಾದ ಒಂದು ವಾರದೊಳಗೆ, ಸಸೆಬೊ ಬಂದರಿನಲ್ಲಿ ಸುಮ್ನೆ ನಿಂತಿದ್ದಾಗ ಮದ್ದಿನ ಕೋಣೆ ಸಿಡಿದು ಮುಳುಗಿತು. ಇಡೀ ತ್ಸುಷಿಮಾ ಕದನದಲ್ಲಿ ಜಪಾನಿನ ಕಡೆ ಸತ್ತವರು 117 ಮಂದಿ. ಈ ಒಂದು ರಾತ್ರಿ ಸತ್ತವರು ಅದರ ಎರಡರಷ್ಟಕ್ಕಿಂತ ಜಾಸ್ತಿ. ಆಮೇಲೆ ಮೇಲೆತ್ತಿ ರಿಪೇರಿ ಮಾಡಿದರು. ಯುದ್ಧನೌಕೆಗಳಿಗೆ ಮಿತಿ ಹಾಕಿದ 1922ರ ವಾಷಿಂಗ್ಟನ್ ಒಪ್ಪಂದದಿಂದ ಸೇವೆ ಮುಗಿಯಿತು, 1926ರಲ್ಲಿ ತಳವನ್ನು ಕಾಂಕ್ರೀಟಿನಲ್ಲಿ ಕೂರಿಸಿ ಸ್ಮಾರಕ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಜಪಾನ್ ಸೋತಾಗ ಸೋವಿಯತ್ ಕಡೆಯವರು ಇದನ್ನು ನಾಶ ಮಾಡಿ ಎಂದರು. ಹಡಗು ಉಳಿಯಿತು, ಆದರೆ ಫಿರಂಗಿ, ಕಂಬ, ಹೊಗೆಗೂಡು ಎಲ್ಲ ಹೋದವು. ಟೋಗೊ ನಿಂತಿದ್ದ ಹಡಗಿನ ಮೇಲೆ ಡಾನ್ಸ್ ಹಾಲ್ ಬಂತು, ಮೀನಿನ ಅಕ್ವೇರಿಯಂ ಬಂತು. 1955ರಲ್ಲಿ ಜಾನ್ ರೂಬಿನ್ ಎಂಬ ಬ್ರಿಟನ್ ಮೂಲದ ವ್ಯಾಪಾರಿ ಈ ಸ್ಥಿತಿ ಕಂಡು ಪತ್ರಿಕೆಗೆ ಬರೆದರು. ಅಮೆರಿಕದ ಅಡ್ಮಿರಲ್ ನಿಮಿಟ್ಜ್ ಬೆಂಬಲಕ್ಕೆ ನಿಂತರು. ಜಪಾನನ್ನು ಸೋಲಿಸಿದ ಅದೇ ನಿಮಿಟ್ಜ್! 1961ರಲ್ಲಿ ಮತ್ತೆ ಬಾಗಿಲು ತೆರೆಯಿತು.

ದುರಸ್ತಿಗೆ ಹಳೇ ಸಾಮಾನು ಎಲ್ಲಿಂದ ತಂದರು ಗೊತ್ತಾ? ಚಿಲಿ ದೇಶದ ಅಲ್ಮಿರಾಂಟೆ ಲಟೋರೆ ಹಡಗಿನಿಂದ. 1959ರಲ್ಲಿ ಅದು ಗುಜರಿಗೆಂದು ಜಪಾನಿಗೇ ಬಂದಿತ್ತು. ಇದಕ್ಕೂ ಹೋಲಿಸಿ ನೋಡಲು ಒಬ್ಬ ಒಳ್ಳೆಯ ಎದುರಾಳಿ ಇದೆ. ಚಿಲಿಗೆಂದು ಬ್ರಿಟನ್ನಿನಲ್ಲಿ ಕಟ್ಟುತ್ತಿದ್ದ ಇದನ್ನು 1914ರಲ್ಲಿ ಬ್ರಿಟನ್ ತಾನೇ ಕೊಂಡು ಕೆನಡಾ ಅಂತ ಹೆಸರಿಟ್ಟಿತು. ಬ್ರೆಜಿಲ್‌ಗೆಂದು ಶುರುವಾದ ಇನ್ನೊಂದು ಹಡಗು ಅಜಿನ್‌ಕೋರ್ಟ್ ಆಯಿತು. ಎದುರುಬದುರು ನಿಲ್ಲಬಹುದಾಗಿದ್ದ ಎರಡೂ ಜರ್ಮನಿ ವಿರುದ್ಧದ 1916ರ ಜಟ್‌ಲ್ಯಾಂಡ್ ನೌಕಾಕದನದಲ್ಲಿ ಒಂದೇ ಕಡೆ, ಬ್ರಿಟನ್ ಕಡೆ, ಇದ್ದವು. ಅಜಿನ್‌ಕೋರ್ಟ್‌ಗೆ 12 ಇಂಚಿನ 14 ಫಿರಂಗಿ, ಲಟೋರೆಗೆ 14 ಇಂಚಿನ 10. ಹದಿನಾಲ್ಕೇ ಮೇಲು ಅನಿಸುತ್ತದೆ ಅಲ್ವಾ? ಶೆಲ್ ತೂಕ ನೋಡಿ. 12 ಇಂಚಿನದು ಸುಮಾರು 386 ಕಿಲೊ, 14 ಇಂಚಿನದು ಸುಮಾರು 720. ಒಂದೇ ಸಲಕ್ಕೆ ಅಜಿನ್‌ಕೋರ್ಟ್ ಎಸೆಯುವುದು 5.4 ಟನ್, ಲಟೋರೆ 7.2 ಟನ್. ನನ್ನ ಓಟು ಲಟೋರೆಗೆ.

ಮುಂದಿನ ವಿಡಿಯೊದಲ್ಲಿ ಲಟೋರೆ ಎದುರು ಅಮೆರಿಕದ ಟೆಕ್ಸಸ್. ಅದಕ್ಕೂ 14 ಇಂಚಿನ 10 ಫಿರಂಗಿ, ಎರಡೂ ಹೆಚ್ಚುಕಡಿಮೆ ಒಂದೇ ಕಾಲದವು. ಟೆಕ್ಸಸ್ ಇನ್ನೂ ಉಳಿದಿದೆ.