ಏಂಜೆಲ್ ಮರಿಗಳಿಗೆ ಮನೆಯಲ್ಲಿ ಜಾಗ ಎಲ್ಲಿದೆ?

ಕೇಳುಗರಿಗೆಲ್ಲ ನಮಸ್ಕಾರ. ಟ್ಯಾಂಕಿನಲ್ಲಿ ಏಂಜೆಲ್ ಮೀನಿನ ಜೋಡಿ ಮೊಟ್ಟೆ ಇಟ್ಟರೆ ಮನೆಯವರಿಗೆಲ್ಲ ಖುಷಿಯೋ ಖುಷಿ. ಆದರೆ ಅವತ್ತೇ ಕೂತು ಒಂದು ಲೆಕ್ಕ ಹಾಕಿ. ಎರಡು ತಿಂಗಳಾದ ಮೇಲೆ ಈ ಮರಿಗಳನ್ನೆಲ್ಲ ಎಲ್ಲಿ ಇಡುತ್ತೀರಿ?

ಒಳ್ಳೆ ಜೋಡಿ ಒಂದು ಸಲಕ್ಕೆ ನೂರಾರು ಮೊಟ್ಟೆ ಇಡುತ್ತದೆ. ಮೊಟ್ಟೆ ತೆಗೆದು ಬೇರೆ ಇಟ್ಟರಂತೂ ಒಂದೆರಡು ವಾರದಲ್ಲೇ ಮತ್ತೆ ಇಡುತ್ತದೆ. ನೀರು 27-28 ಡಿಗ್ರಿ ಇದ್ದರೆ ಎರಡು ಮೂರು ದಿನಕ್ಕೆ ಮೊಟ್ಟೆ ಒಡೆಯುತ್ತದೆ, ಇನ್ನು ನಾಲ್ಕೈದು ದಿನ ಮರಿಗಳು ಎಲೆಗೋ, ಮೊಟ್ಟೆಗೆಂದು ಟ್ಯಾಂಕಿನಲ್ಲಿಟ್ಟ ಸ್ಲೇಟಿಗೋ ಅಂಟಿಕೊಂಡು ಬಾಲ ಅಲ್ಲಾಡಿಸುತ್ತಿರುತ್ತವೆ, ಆಮೇಲೆ ಈಜಲು ಶುರು. ಆಗ ಆರ್ಟೀಮಿಯಾ, ಅಂದರೆ ಉಪ್ಪುನೀರಿನ ಪುಟ್ಟ ಸೀಗಡಿಯಂಥ ಜೀವಿಯ ಆಗತಾನೇ ಮೊಟ್ಟೆಯೊಡೆದ ಮರಿಗಳನ್ನು ಹಾಕಿ ನೋಡಿ. ತಿಂದ ಮರಿಯ ಹೊಟ್ಟೆ ಕಿತ್ತಳೆ ಬಣ್ಣಕ್ಕೆ ತಿರುಗಿ ಹೊರಗಿನಿಂದಲೇ ಕಾಣುತ್ತದೆ. ಈ ಹಂತದಲ್ಲಿ ಸಣ್ಣ ಟ್ಯಾಂಕೇ ವಾಸಿ, ಆಹಾರ ಬಾಯಿಗೆ ಹತ್ತಿರ ಸಿಗಬೇಕಲ್ವಾ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ್ದು, ಒಂದು ಸ್ಪಂಜ್ ಫಿಲ್ಟರ್, ಅಷ್ಟು ಸಾಕು.

ಕಷ್ಟ ಶುರುವಾಗುವುದು ಒಂದು ತಿಂಗಳಾದ ಮೇಲೆ. ಮೈ ಅಗಲವಾಗಿ, ಮೇಲೆ ಕೆಳಗೆ ರೆಕ್ಕೆ ಉದ್ದ ಬರುವ ಹೊತ್ತಿಗೆ ಅದೇ 56 ಲೀಟರಿನಲ್ಲಿ ಇನ್ನೂರು ಮರಿ ಇದ್ದರೆ ಉಳಿದ ಆಹಾರ, ಹೊಲಸು, ಅಮೋನಿಯಾ ಎಲ್ಲ ಸೇರಿ ಬೆಳವಣಿಗೆ ನಿಂತುಹೋಗುತ್ತದೆ, ರೆಕ್ಕೆ ಸೊಟ್ಟಗಾಗುತ್ತದೆ. ಆಮೇಲೆ ದೊಡ್ಡ ಟ್ಯಾಂಕಿಗೆ ಬಿಟ್ಟರೂ ಅದು ಪೂರ್ತಿ ಸರಿಹೋಗುವುದು ಕಷ್ಟ. ದಿನಾ ಮೂರರಲ್ಲೊಂದು ಭಾಗ ನೀರು ಬದಲಾಯಿಸಬೇಕು. ಹಾಗೆ ಹಾಕುವ ನೀರನ್ನು ಕ್ಲೋರಿನ್ ತೆಗೆದು ಇಟ್ಟುಕೊಳ್ಳಲು ಒಂದು ಡ್ರಮ್ ಬೇಕು, ಡ್ರಮ್ಮಿಗೂ ಜಾಗ ಬೇಕು. ಇದನ್ನು ಯಾರೂ ಮೊದಲೇ ಯೋಚಿಸುವುದಿಲ್ಲ.

ನನ್ನ ಮಾತು ಕೇಳುವುದಾದರೆ, ಒಂದು ಸಲಕ್ಕೆ ಐವತ್ತು ಅರವತ್ತು ಮರಿ ಬೆಳೆಸಿ, ಚೆನ್ನಾಗಿ ಬೆಳೆಸಿ. ಅಷ್ಟಕ್ಕೆ ಮೂರಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಒಂದು ಟ್ಯಾಂಕ್ ಇಡಿ. ಏಂಜೆಲ್ ಉದ್ದಕ್ಕಿಂತ ಎತ್ತರ ಬೆಳೆಯುವ ಮೀನು, ಹಾಗಾಗಿ ಟ್ಯಾಂಕಿನ ಎತ್ತರದಲ್ಲಿ ಚೌಕಾಸಿ ಬೇಡ. ಇದು ತುಂಬಿದರೆ ಸುಮಾರು 190 ಲೀಟರ್, ಅಂದರೆ ನೀರೇ 190 ಕಿಲೋ. ಟೀಪಾಯಿ ಮೇಲೆ ಇಡುವಂಥದ್ದಲ್ಲ, ಗೋಡೆಗೆ ಒರಗಿಸಿದ ಕಬ್ಬಿಣದ ಸ್ಟ್ಯಾಂಡೇ ಬೇಕು. ಎರಡು ಅಂತಸ್ತಿನದು ಮಾಡಿಸಿದರೆ ಕೆಳಗೆ ಮರಿ ಟ್ಯಾಂಕ್ ಕೂರುತ್ತದೆ.

ಈ ಮರಿಗಳು ಹೋಗುವ ತನಕ ಮುಂದಿನ ಮೊಟ್ಟೆಗಳನ್ನು ತೆಗೆಯಬೇಡಿ, ಅಪ್ಪ ಅಮ್ಮನ ಹತ್ತಿರವೇ ಬಿಟ್ಟುಬಿಡಿ. ಎಷ್ಟೋ ಸಲ ಅವೇ ತಿಂದುಬಿಡುತ್ತವೆ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಹೀಟರನ್ನು 25ಕ್ಕೆ ಇಳಿಸಿದರೂ ಮೊಟ್ಟೆ ಇಡುವುದು ಕಡಿಮೆಯಾಗುತ್ತದೆ.

ಹೆಚ್ಚಾದ ಮರಿಗಳನ್ನು ಮಾತ್ರ ದಯವಿಟ್ಟು ಕೆರೆಗೆ ಬಿಡಬೇಡಿ. ಇದು ಅಮೆಜಾನ್ ನದಿ ಕಡೆಯ ಮೀನು, ನಮ್ಮ ಕೆರೆಯದ್ದಲ್ಲ. ಮೊಟ್ಟೆ ಇಡುವ ಮುಂಚೆಯೇ ಹತ್ತಿರದ ಅಕ್ವೇರಿಯಂ ಅಂಗಡಿಗೆ ಹೋಗಿ, ಎಷ್ಟು ದೊಡ್ಡ ಮರಿ ತಗೋತೀರಿ, ಎಷ್ಟು ತಗೋತೀರಿ ಅಂತ ಕೇಳಿ ಬನ್ನಿ. ಅವರು ಇಪ್ಪತ್ತು ಅಂದರೆ, ಉಳಿದವಕ್ಕೆ ಸ್ನೇಹಿತರ ಮನೆ ಹುಡುಕಿಕೊಂಡು ಆಮೇಲೆ ಮೊಟ್ಟೆ ಬೇರೆ ಮಾಡಿ.