ಬೇಸ್ ಗಿಟಾರಿನ ಗರಗರ ಹುಟ್ಟುವುದೆಲ್ಲಿ?

ಕೇಳುಗರೇ, ನಮಸ್ಕಾರ.

ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಗಣೇಶನ ಪೆಂಡಾಲು, ಮದುವೆಯ ಆರತಕ್ಷತೆ, ಚರ್ಚಿನ ಭಾನುವಾರದ ಆರಾಧನೆ, ಎಲ್ಲಿ ಹೋದರೂ ಈಗ ಬೇಸ್ ಗಿಟಾರ್ ಕಾಣುತ್ತದೆ. ಹಿಂದೆ ನಿಂತು ನಾಲ್ಕು ದಪ್ಪ ತಂತಿ ಮೀಟುವ ಆ ಹುಡುಗನ ಕಡೆ ಯಾರೂ ಅಷ್ಟಾಗಿ ನೋಡುವುದಿಲ್ಲ. ವಾದ್ಯ ಗರ್ ಎಂದಾಗ ಮಾತ್ರ ಎಲ್ಲರ ಕಣ್ಣೂ ಅವನ ಮೇಲೆ. ಆ ಸದ್ದನ್ನು ಹುಡುಕುವ ಬಗೆಯನ್ನು ಇವತ್ತು ಹೇಳಬೇಕೆಂದಿದ್ದೇನೆ.

ತಂತಿಯ ಝೇಂಕಾರ ನಮ್ಮ ಸೀಮೆಗೆ ಹೊಸದಲ್ಲ. ಪಂಡಿತ ಸಿದ್ಧರಾಮ ಜಂಬಲದಿನ್ನಿಯವರಂಥ ಗಾಯಕರನ್ನು ಕೊಟ್ಟ ನಾಡಿದು. ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ನೂಲಿನ ಎಳೆ ಸರಿಸುತ್ತಾ ಜೀವಾಳ ಕೂಡಿಸುವುದನ್ನು ನಿಮ್ಮಲ್ಲಿ ಹಲವರು ನೋಡಿರುತ್ತೀರಿ. ಅಲ್ಲಿ ತಂತಿ ಅಗಲವಾದ ಕುದುರೆಗೆ ನವಿರಾಗಿ ತಾಗುತ್ತಾ ನುಡಿಯಬೇಕು. ಆ ಸದ್ದು ಬೇಕೆಂದೇ ಹುಟ್ಟಿಸಿದ್ದು. ಬೇಸಿನಲ್ಲೂ ನಡೆಯುವುದು ಅದೇ, ಕಂಪಿಸುವ ತಂತಿ ಏನಕ್ಕೋ ತಾಗುವುದು. ತಾಗುವ ಜಾಗ ಮಾತ್ರ ನಾವು ಆರಿಸಿದ್ದಲ್ಲ.

ಬೇಸಿನ ತಂತಿಗಳು ದಪ್ಪದಿಂದ ಸಣ್ಣಕ್ಕೆ ಇ, ಎ, ಡಿ, ಜಿ. ಅತಿ ದಪ್ಪ ತಂತಿಯಾದ ಇ, ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಸಾಮಾನ್ಯ ಬೇಸಿನಲ್ಲಿ ತಂತಿ ನುಡಿಯುವ ಉದ್ದ 34 ಇಂಚು. ಇಷ್ಟು ಉದ್ದದ, ಇಷ್ಟು ನಿಧಾನವಾಗಿ ತೂಗುವ ತಂತಿಗೆ ಆಚೀಚೆ ಜಾಗ ಬೇಕು. ಜೊತೆಗೆ ಆ ತಗ್ಗಿನ ಕಂಪನ ವಾದ್ಯದಲ್ಲಿ ಸಡಿಲವಾಗಿರುವ ಪ್ರತಿಯೊಂದು ತಿರುಪನ್ನೂ ಅಲುಗಿಸುತ್ತದೆ. ಹಾಗಾಗಿ ಸದ್ದಿಗೆ ಎರಡು ಬೇರೆ ಬೇರೆ ಮೂಲಗಳಿರುತ್ತವೆ. ಇವೆರಡನ್ನು ಬೇರ್ಪಡಿಸದೆ ಸ್ಕ್ರೂಡ್ರೈವರ್ ಹಿಡಿಯುವುದೇ ಎಲ್ಲ ತೊಂದರೆಗೂ ಬುಡ.

ಬೇರ್ಪಡಿಸುವ ಪರೀಕ್ಷೆ ಬಹಳ ಸರಳ. ಸದ್ದು ಒಂದು ಜಾಗದ್ದೋ, ಒಂದು ಸ್ವರದ್ದೋ ಎಂದು ಕೇಳಿಕೊಳ್ಳಿ. ಡಿ ತಂತಿಯನ್ನು ಎಲ್ಲೂ ಒತ್ತದೆ ಮೀಟಿದಾಗ ಗರ್ ಅಂದಿತು ಅನ್ನಿ. ಅದೇ ಸ್ವರ ಎ ತಂತಿಯ 5ನೇ ಫ್ರೆಟ್ಟಿನಲ್ಲೂ (ಕುತ್ತಿಗೆಯ ಮೇಲಿನ ಅಡ್ಡ ಲೋಹದ ಪಟ್ಟಿ) ಇದೆ, ಇ ತಂತಿಯ 10ನೇ ಫ್ರೆಟ್ಟಿನಲ್ಲೂ ಇದೆ. ಮೂರೂ ಕಡೆ ನುಡಿಸಿ. ಮೂರರಲ್ಲೂ ಗರಗರ ಬಂದರೆ ತಂತಿ, ಫ್ರೆಟ್ಟುಗಳ ಮೇಲೆ ಅನುಮಾನ ಬೇಡ. ಆ ಸ್ವರಕ್ಕೆ ವಾದ್ಯದ ಯಾವುದೋ ಬಿಡಿಭಾಗ ಅನುರಣಿಸುತ್ತಿದೆ. ಒಂದೇ ಕಡೆ ಬಂದರೆ ತಂತಿ ಅಲ್ಲೇ ಎಲ್ಲೋ ತಾಗುತ್ತಿದೆ. ವರ್ಷಗಟ್ಟಲೆ ನುಡಿಸುವವರೂ ಈ ಪರೀಕ್ಷೆ ಮಾಡದೆ ಸೀದಾ ಟ್ರಸ್ ರಾಡ್ ತಿರುಗಿಸುವುದನ್ನು ಕಂಡು ನನಗೆ ನಿಜಕ್ಕೂ ಸಂಕಟವಾಗುತ್ತದೆ. ಕುತ್ತಿಗೆಯೊಳಗಿದ್ದು ಅದರ ಬಾಗು ಹಿಡಿಯುವ ಆ ಸರಳು ಒಮ್ಮೆ ಕೆಟ್ಟರೆ ದುರಸ್ತಿ ಸುಲಭವಲ್ಲ.

ಸ್ವರದ ಸದ್ದಾದರೆ ಹುಡುಕಬೇಕಾದದ್ದು ಕೈಯಿಂದ. ಒಬ್ಬರು ಅದೇ ಸ್ವರವನ್ನು ಮತ್ತೆ ಮತ್ತೆ ಮೀಟಲಿ, ಇನ್ನೊಬ್ಬರು ಒಂದೊಂದೇ ಭಾಗವನ್ನು ಬೆರಳಿನಿಂದ ಒತ್ತಿ ಹಿಡಿಯಲಿ. ಟ್ಯೂನಿಂಗ್ ಕೀಗಳ ತಿರುಪು, ಅವುಗಳ ಮುಂಭಾಗದ ಬಳೆ, ವಾಲ್ಯೂಮ್ ಗುಂಡಿಯ ಕೆಳಗಿನ ನಟ್ಟು, ಜ್ಯಾಕ್, ತಂತಿಯ ಕಂಪನ ಹಿಡಿಯುವ ಪಿಕಪ್ಪಿನ ಕೆಳಗಿನ ಸ್ಪ್ರಿಂಗು, ಬೆಲ್ಟಿನ ಗುಂಡಿ. ಒತ್ತಿದಾಗ ಎಲ್ಲಿ ಸದ್ದು ನಿಂತಿತೋ ಅದೇ ಜಾಗ. ಬ್ರಿಡ್ಜಿನ, ಅಂದರೆ ಬೇಸಿನ ಕುದುರೆಯ ಮೇಲೆ ಹೆಚ್ಚು ಹೊತ್ತು ನಿಲ್ಲಿ. ಅಲ್ಲಿ ಪ್ರತಿ ತಂತಿಗೂ ಅದು ಕೂರುವ ಪುಟ್ಟ ತುಂಡು, ಒಂದು ಸ್ಯಾಡಲ್, ಹೆಚ್ಚಿನವುಗಳಲ್ಲಿ ಅದರ ಎತ್ತರಕ್ಕೆ ಎರಡು ಪುಟ್ಟ ತಿರುಪುಗಳು. ಎರಡರಲ್ಲಿ ಒಂದು ತಳಕ್ಕೆ ತಾಗದೆ ಗಾಳಿಯಲ್ಲಿ ನಿಂತಿದ್ದರೆ ಸಾಕು, ಗಿಲಕಿಯಂತೆ ನುಡಿಯುತ್ತದೆ. ಬ್ಯಾಟರಿ ಇರುವ ಬೇಸಾದರೆ ಹಿಂದಿನ ಮುಚ್ಚಳ ತೆಗೆದು 9 ವೋಲ್ಟಿನ ಬ್ಯಾಟರಿ ಅಲುಗಾಡದಂತೆ ಸ್ವಲ್ಪ ಸ್ಪಂಜು ತುಂಬಿ. ಬಿಗಿಯಿಲ್ಲದ ಟ್ರಸ್ ರಾಡ್ ಕೂಡ ಕುತ್ತಿಗೆಯೊಳಗೆ ತಾನೇ ಗಲಗಲ ಅನ್ನುವುದುಂಟು.

ಇಷ್ಟಾದರೂ ಸಿಗದಿದ್ದರೆ ಕೋಣೆಯ ಕಡೆ ಕಿವಿ ಕೊಡಿ. ಕಿಟಕಿಯ ಗಾಜು, ಡ್ರಮ್ಮಿನ ಸ್ನೇರ್ ತಂತಿಗಳು, ಸ್ಪೀಕರ್ ಪೆಟ್ಟಿಗೆಯ ಜಾಲರಿ, ಹಿಡಿಕೆ. ಹೆಡ್‌ಫೋನಿನಲ್ಲಿ ಕೇಳಿದರೆ ಅರ್ಧ ಅನುಮಾನ ಅಲ್ಲೇ ತೀರುತ್ತದೆ.

ಜಾಗದ ಸದ್ದಿಗೆ ಬರೋಣ. ಒತ್ತದೆ ಬಿಟ್ಟ ತಂತಿ ಮಾತ್ರ ಗರ್ ಎಂದು, ಫ್ರೆಟ್ಟು ಒತ್ತಿದರೆ ಸರಿಹೋದರೆ, ತಲೆಯ ಕಡೆ ತಂತಿ ಹಾಯುವ ಪಟ್ಟಿಯ (ಇದಕ್ಕೂ ನಟ್ಟು ಎನ್ನುತ್ತಾರೆ) ಕಚ್ಚು ಆಳವಾಗಿ ಸವೆದಿರಬಹುದು. ಒಂದೇ ಫ್ರೆಟ್ಟಿನಲ್ಲಾದರೆ ಅದರ ಮುಂದಿನದು ಎದ್ದಿರುತ್ತದೆ. 12ನೇ ಫ್ರೆಟ್ಟಿನ ಆಚೆ ಉದ್ದಕ್ಕೂ ಇದ್ದರೆ ಮೊದಲು ನೋಡಬೇಕಾದದ್ದು ಸ್ಯಾಡಲಿನ ಎತ್ತರ. ಮೊದಲ ನಾಲ್ಕೈದು ಫ್ರೆಟ್ಟುಗಳಲ್ಲಿ ಎಲ್ಲ ತಂತಿಗಳೂ ಗರಗರ ಎಂದರೆ, ಆಗ ಮಾತ್ರ ಕುತ್ತಿಗೆಯ ಬಾಗು ನೋಡಿ. ತಂತಿಯನ್ನು ಮೊದಲ ಫ್ರೆಟ್ಟಿನಲ್ಲೂ, ಕುತ್ತಿಗೆ ದೇಹಕ್ಕೆ ಕೂಡುವಲ್ಲಿಯೂ ಒತ್ತಿ ಹಿಡಿದರೆ, 7 ಅಥವಾ 8ನೇ ಫ್ರೆಟ್ಟಿನ ಮೇಲೆ ಸುಮಾರು 0.3 ಮಿಲಿಮೀಟರ್, ಅಂದರೆ ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಉಳಿಯಬೇಕು. ಸಂದೇ ಇಲ್ಲದಿದ್ದರೆ ಸರಳನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲಿಸಿ, ಮತ್ತೆ ಶ್ರುತಿ ಕೂಡಿಸಿ, ಮತ್ತೆ ಅಳೆಯಿರಿ.

ಈ ಬಾಗು ನಮ್ಮ ಹವೆಯ ಮಾತನ್ನು ಬಹಳ ಕೇಳುತ್ತದೆ. ಬೇಸಿಗೆಯಲ್ಲಿ ಇಲ್ಲಿ 40 ಡಿಗ್ರಿ ದಾಟುವ ಬಿಸಿಲು, ಪಸೆಯಿಲ್ಲದ ಗಾಳಿ. ಒಣಗಿದ ಮರ ಕುಗ್ಗಿ ಫ್ರೆಟ್ಟಿನ ತುದಿಗಳು ಅಂಗೈಗೆ ಚುಚ್ಚುತ್ತವೆ, ಕುತ್ತಿಗೆ ನೆಟ್ಟಗಾಗಿ ತಂತಿ ತಾಗತೊಡಗುತ್ತದೆ. ಮಳೆಗಾಲ ಬಂದರೆ ಅದೇ ಕುತ್ತಿಗೆ ಮತ್ತೆ ಮುಂದಕ್ಕೆ ಬಾಗುತ್ತದೆ. ಮೇ ತಿಂಗಳ ಮದುವೆಗೆಂದು ಕೂಡಿಸಿದ ವಾದ್ಯ ಗಣೇಶನ ಹಬ್ಬದ ಹೊತ್ತಿಗೆ ಬೇರೆಯೇ ಆಗಿರುತ್ತದೆ. ದಯವಿಟ್ಟು ಅದನ್ನು ಬಿಸಿಲಲ್ಲಿ ನಿಂತ ಟೆಂಪೋದೊಳಗೆ ಬಿಡಬೇಡಿ.

ಮೀಟದಿದ್ದರೂ ಸ್ಪೀಕರಿನಿಂದ ಗುಂಯ್ ಎನ್ನುವ ಸದ್ದು ಬರುತ್ತದಲ್ಲ, ಅದು ಇವೆರಡಕ್ಕೂ ಸೇರಿದ್ದಲ್ಲ, ವಿದ್ಯುತ್ತಿನದು. ನಮ್ಮ ಕರೆಂಟು ಸೆಕೆಂಡಿಗೆ 50 ಆವರ್ತನದ್ದು. ಇ ತಂತಿಯ 3ನೇ ಫ್ರೆಟ್ಟಿನ ಜಿ ಸ್ವರ 49. ಇಷ್ಟು ಹತ್ತಿರ ಇರುವುದರಿಂದ ಗುಂಯ್‌ಗುಟ್ಟುವಿಕೆ ವಾದ್ಯದ್ದೇ ಅನ್ನಿಸಿಬಿಡುತ್ತದೆ. ತಂತಿ ಮುಟ್ಟಿದ ಕೂಡಲೇ ಅದು ತಗ್ಗಿದರೆ ಬ್ರಿಡ್ಜಿನ ಅರ್ಥ್ ತಂತಿ ಸರಿಯಿದೆ, ಆ ಸದ್ದು ತಡೆಯುವ ಒಳಗಿನ ಕವಚ ಸಾಲದು ಎಂದರ್ಥ. ಒಂದೇ ಸುರುಳಿಯ ಪಿಕಪ್ಪಿನಲ್ಲಿ ಇದು ಸಹಜ. ಆದರೆ ತಂತಿ ಹಿಡಿದು ಮೈಕು ಮುಟ್ಟಿದಾಗ ಚುರುಕ್ ಅಂದರೆ ನುಡಿಸುವುದನ್ನು ಆ ಕ್ಷಣವೇ ನಿಲ್ಲಿಸಿ, ಮೇನ್ ಸ್ವಿಚ್ ಆರಿಸಲು ಹೇಳಿ. ಗುಂಯ್ ಸದ್ದು ಕಳೆಯಲೆಂದು ಪ್ಲಗ್ಗಿನ ಮೂರನೇ ಪಿನ್ನು ಮುರಿಯುವ ರೂಢಿ ಪೆಂಡಾಲುಗಳಲ್ಲಿ ಇದ್ದರೆ ಅದನ್ನು ಬಿಡಿಸಿ. ಜೀವ ಕಾಯುವುದು ಆ ಪಿನ್ನು. ಅರ್ಥಿಂಗ್ ಸರಿಯಿದೆ ಎಂದು ಎಲೆಕ್ಟ್ರಿಷಿಯನ್ ನೋಡಿ ಹೇಳುವವರೆಗೆ ಯಾರೂ ವೇದಿಕೆ ಹತ್ತಬೇಡಿ.

ನಮಸ್ಕಾರ.